ಮೆದುಳಿನ ವಯಸ್ಸು ಹೇಳುವ ಆಟ

ಕಳೆದ ಬೇಸಿಗೆಯಲ್ಲಿ, ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಹಿಂದೂ ಹೋಗದೆ ಮುಂದೂ ಹೋಗದೆ ನಿಂತಿದ್ದ ದಿನಗಳಲ್ಲಿ, ಹಾಸ್ಟೆಲಿನ ಗೆಳೆಯನೊಬ್ಬ ತನ್ನ ಹಳೆಯ ನಿಂಟೆಂಡೊ ಡಿಎಸ್ ಅನ್ನು ನನ್ನ ಕೈಗಿತ್ತು ಊರಿಗೆ ಹೋದ. ಪುಸ್ತಕದ ಹಾಗೆ ಮಡಚಿಡಬಹುದಾದ, ಎರಡು ಪರದೆಗಳಿರುವ, ಅಂಗೈಯಲ್ಲಿ ಹಿಡಿಯುವ ಆಟದ ಯಂತ್ರ ಅದು. ಅದರೊಳಗೆ ಇದ್ದದ್ದು ಒಂದೇ ಆಟ, 'ಬ್ರೈನ್ ಏಜ್'. ಒಂದಿಷ್ಟು ಲೆಕ್ಕ ಮಾಡಿ, ಬಣ್ಣಗಳ ಹೆಸರು ಹೇಳಿ, ಒಂದು ಪಟ್ಟಿ ಪದಗಳನ್ನು ನೆನಪಿಟ್ಟು ಬರೆದ ಮೇಲೆ ಪರದೆಯ ಮೇಲೆ ನನ್ನ ಮೆದುಳಿನ ವಯಸ್ಸು ಮೂಡಿತು: 61. ನನಗಾಗ 27.

ಮೊದಲು ನಗು ಬಂತು. ಸಂಖ್ಯೆಯನ್ನು ನಾನು ನಂಬಲಿಲ್ಲ. ಆದರೆ ಮರುದಿನ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲೇ, ಆ ಯಂತ್ರವನ್ನು ಕೈಗೆತ್ತಿಕೊಂಡೆ. 61 ಅನ್ನು ಹೇಗಾದರೂ ಇಳಿಸಬೇಕಿತ್ತು. ನಂಬದ ಸಂಖ್ಯೆಯೊಂದನ್ನು ಇಳಿಸಲು ಮನುಷ್ಯ ಯಾಕೆ ಇಷ್ಟು ಒದ್ದಾಡುತ್ತಾನೆ? ಈ ಬರಹ ಹೊರಟಿರುವುದು ಆ ಪ್ರಶ್ನೆಯಿಂದ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಬರುವ ಕೆಲಸ ಒಂದೇ, ಓದುವುದು. ಹಾಗಾಗಿ ಈ ಆಟವನ್ನೂ ಒಂದು ಪಠ್ಯದ ಹಾಗೆ ಓದಲು ನೋಡಿದ್ದೇನೆ.

*

ಈ ಆಟ ಜಪಾನಿನಲ್ಲಿ ಬಿಡುಗಡೆಯಾದದ್ದು 2005ರ ಮೇ 19ರಂದು. ಮರುವರ್ಷ ಏಪ್ರಿಲಿನಲ್ಲಿ ಅಮೆರಿಕಕ್ಕೆ, ಜೂನಿನಲ್ಲಿ ಯುರೋಪಿಗೆ ಹೋಯಿತು. ಅಮೆರಿಕದಲ್ಲಿ ಅದರ ಹೆಸರು 'ಬ್ರೈನ್ ಏಜ್', ಯುರೋಪಿನಲ್ಲಿ 'ಡಾ. ಕವಾಶಿಮಾಸ್ ಬ್ರೈನ್ ಟ್ರೈನಿಂಗ್'. ಜಗತ್ತಿನಾದ್ಯಂತ ಸುಮಾರು 1 ಕೋಟಿ 90 ಲಕ್ಷ ಪ್ರತಿಗಳು ಮಾರಾಟವಾದವು. 2005ರ ಡಿಸೆಂಬರಿನಲ್ಲೇ ಬಂದ ಎರಡನೆಯ ಭಾಗವೂ 1 ಕೋಟಿ 40 ಲಕ್ಷವನ್ನು ದಾಟಿತು. ಯುರೋಪಿನಲ್ಲಿ ಅದರ ಜಾಹೀರಾತಿಗೆ ನಟಿ ನಿಕೋಲ್ ಕಿಡ್ಮನ್ ಬಂದರು.

ಇಷ್ಟು ದೊಡ್ಡ ಸಂಖ್ಯೆಯ ಹಿಂದೆ ಇರುವ ಆಟದಲ್ಲಿ ಏನಿದೆ ಎಂದು ನೋಡಿದರೆ ಅಚ್ಚರಿಯಾಗುತ್ತದೆ. ಬಂದೂಕಿಲ್ಲ, ಕಾರಿಲ್ಲ, ಕೊಲ್ಲಬೇಕಾದ ರಾಕ್ಷಸರಿಲ್ಲ. ಇರುವುದು ಪ್ರೈಮರಿ ಶಾಲೆಯ ಮನೆಗೆಲಸ. ಯಂತ್ರವನ್ನು ಪುಸ್ತಕದಂತೆ ಅಡ್ಡ ಹಿಡಿಯಬೇಕು. ಒಂದು ಪರದೆಯಲ್ಲಿ 7 ಗುಣಿಸು 8 ಎಂದು ಬರುತ್ತದೆ, ಇನ್ನೊಂದು ಪರದೆಯ ಮೇಲೆ ಕಡ್ಡಿಯಿಂದ 56 ಎಂದು ಬರೆಯಬೇಕು. ಹೀಗೆ 20 ಲೆಕ್ಕ, ಇಲ್ಲವೇ 100 ಲೆಕ್ಕ. ಮುಗಿದ ಮೇಲೆ ನಿಮ್ಮ ವೇಗವನ್ನು ನಡಿಗೆಗೋ ರೈಲಿಗೋ ರಾಕೆಟ್ಟಿಗೋ ಹೋಲಿಸಿ ಹೇಳುತ್ತದೆ. ಮನೆಯೊಂದರೊಳಗೆ ಹೋಗುವ, ಹೊರಬರುವ ಜನರನ್ನು ಎಣಿಸಬೇಕು. ಎರಡು ಗಡಿಯಾರ ನೋಡಿ ನಡುವಿನ ಅಂತರ ಹೇಳಬೇಕು. ಹಳೆಯ ಕಥೆಯೊಂದರ ತುಣುಕನ್ನು ಗಟ್ಟಿಯಾಗಿ ಓದಬೇಕು. ಒಂದು ದಿನದ ಅಭ್ಯಾಸ ಮುಗಿದರೆ ಕ್ಯಾಲೆಂಡರಿನ ಆ ದಿನದ ಮೇಲೆ ಮುದ್ರೆ ಬೀಳುತ್ತದೆ. ಮೂರು ಅಭ್ಯಾಸ ಮಾಡಿದರೆ ಮುದ್ರೆ ಇನ್ನೂ ದೊಡ್ಡದು. ಮೆದುಳಿನ ವಯಸ್ಸಿನ ಪರೀಕ್ಷೆ ಮಾತ್ರ ದಿನಕ್ಕೊಂದೇ ಸಲ ದಾಖಲಾಗುತ್ತದೆ. ಅತ್ಯುತ್ತಮ ಫಲಿತಾಂಶ 20, ತೀರಾ ಕೆಟ್ಟದ್ದು 80.

ಇದನ್ನೆಲ್ಲ ನಡೆಸಿಕೊಡುವುದು ಒಂದು ತಲೆ. ನಿಜವಾಗಿಯೂ ಬರೀ ತಲೆ. ಮುಂಡವಿಲ್ಲದೆ ಪರದೆಯಲ್ಲಿ ತೇಲುವ, ಕನ್ನಡಕ ಹಾಕಿದ, ನಗುವ ರುಂಡ. ಅದು ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದ ನರವಿಜ್ಞಾನಿ ರಿಯುತಾ ಕವಾಶಿಮಾ ಅವರದು. ಕಥನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಈ ರುಂಡವೇ ಆಟದ ನಿರೂಪಕ. ಚೆನ್ನಾಗಿ ಮಾಡಿದರೆ ಹೊಗಳುತ್ತದೆ, ಕೆಟ್ಟದಾಗಿ ಮಾಡಿದರೆ ಮೃದುವಾಗಿ ಗದರುತ್ತದೆ. ಆಗಾಗ ಏನಾದರೊಂದು ಪ್ರಾಣಿಯ ಚಿತ್ರವನ್ನು ನೋಡದೆಯೇ ಬರೆ ಎನ್ನುತ್ತದೆ; ಬರೆದ ಮೇಲೆ ನಿಜವಾದ ಚಿತ್ರವನ್ನು ಪಕ್ಕದಲ್ಲಿಟ್ಟು ನೀವು ಬಿಟ್ಟದ್ದೇನು ಎಂದು ತೋರಿಸುತ್ತದೆ. ನಿನ್ನೆ ಏನು ಊಟ ಮಾಡಿದೆ ಎಂದು ಕೇಳಿ ಬರೆಸಿಕೊಂಡು, ಕೆಲವು ದಿನ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತದೆ. ಆಗ ನೀವು ತಡವರಿಸಿದರೆ ನಿಮ್ಮದೇ ಕೈಬರಹವನ್ನು ಮುಂದಿಡುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ಈ ಭಾಗ. ಊಟದ ಪ್ರಶ್ನೆಗೆ ಅಂಕವಿಲ್ಲ, ವೇಗವಿಲ್ಲ, ವಯಸ್ಸಿಲ್ಲ. ಮೊನ್ನೆ ಮಾಡಿದ ಊಟದ ಬಗ್ಗೆ ಯಾರೋ ಕೇಳುತ್ತಾರೆ, ಅಷ್ಟೆ. ಊರಿನಿಂದ ಬರುವ ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆಯೂ ಅದೇ ಅಲ್ಲವೇ?

*

ಆಟ ಹುಟ್ಟಿದ ಕಾಲ ಮತ್ತು ಜಾಗವನ್ನು ಬಿಟ್ಟು ಇದನ್ನು ಓದಲಾಗದು. 2005ರ ಹೊತ್ತಿಗೆ ಜಪಾನಿನಲ್ಲಿ ಐವರಲ್ಲಿ ಒಬ್ಬರು 65 ದಾಟಿದವರು. ನಿಂಟೆಂಡೊದ ಅಂದಿನ ಅಧ್ಯಕ್ಷ ಸತೋರು ಇವಾಟ ಅವರ ಮುಂದಿದ್ದ ಸವಾಲು, ವಿಡಿಯೋ ಗೇಮನ್ನು ಎಂದೂ ಮುಟ್ಟದವರ ಕೈಗೆ ಅದನ್ನು ಕೊಡುವುದು ಹೇಗೆ ಎಂಬುದು. ಕವಾಶಿಮಾ ಅವರ ಮೆದುಳಿನ ಅಭ್ಯಾಸದ ಪುಸ್ತಕ 2003ರಲ್ಲಿ ಬಂದು ಜಪಾನಿನಲ್ಲಿ ಭಾರಿ ಜನಪ್ರಿಯವಾಗಿತ್ತು. ಪೆನ್ಸಿಲಿನಿಂದ ತುಂಬಬೇಕಾದ ಆ ಪುಟಗಳನ್ನು ಇವಾಟ ಪರದೆಗೆ ತಂದರು. ಜಪಾನಿ ಶೀರ್ಷಿಕೆಯಲ್ಲೇ 'ದೊಡ್ಡವರ' ಎಂಬ ಪದವಿದೆ: ಇದು ದೊಡ್ಡವರ ಡಿಎಸ್ ಅಭ್ಯಾಸ, ಮಕ್ಕಳದ್ದಲ್ಲ. ಯಂತ್ರವನ್ನು ಪುಸ್ತಕದಂತೆ ಹಿಡಿಸಿದ್ದೂ, ಗುಂಡಿಗಳ ಬದಲು ಬರೆಯುವ ಕಡ್ಡಿ ಕೊಟ್ಟದ್ದೂ ಅದೇ ಕಾರಣಕ್ಕೆ. ಹಿರಿಯರಿಗೆ ಗೊತ್ತಿರುವ ವಸ್ತುವಿನ ವೇಷದಲ್ಲಿ ಹೊಸ ವಸ್ತು ಮನೆಯೊಳಗೆ ಬಂತು.

ಡಿಎಸ್ ಯಂತ್ರ ಜಪಾನಿನ ಅಂಗಡಿಗಳಿಗೆ ಬಂದದ್ದು 2004ರ ಡಿಸೆಂಬರ್ 2ರಂದು. ಅದೇ ತಿಂಗಳು ಜಪಾನಿ ಭಾಷೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಮುಪ್ಪಿನ ಮರೆವಿನ ಕಾಯಿಲೆಗೆ ಅಲ್ಲಿಯವರೆಗೆ ಬಳಕೆಯಲ್ಲಿದ್ದ ಪದ 'ಚಿಹೋ'. ಅದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ಹೆಚ್ಚುಕಡಿಮೆ 'ದಡ್ಡ' ಮತ್ತು 'ಮಂಕು'. ಆ ಪದ ರೋಗಿಗಳಿಗೆ ಅವಮಾನ ಮಾಡುತ್ತದೆಂದು ಸರ್ಕಾರ ಅದನ್ನು ಕೈಬಿಟ್ಟು 'ನಿಂಚಿಶೋ' ಎಂಬ ಹೊಸ ಪದವನ್ನು ತಂದಿತು. ಅರಿವಿಗೆ ಸಂಬಂಧಿಸಿದ ಕಾಯಿಲೆ ಎಂದು ಅದರ ಅರ್ಥ. ಒಂದು ಸಮಾಜ ತನ್ನ ಮುದುಕರನ್ನು ಏನೆಂದು ಕರೆಯಬೇಕು ಎಂದು ಯೋಚಿಸುತ್ತಿದ್ದ ಹೊತ್ತು ಅದು. ನಮ್ಮಲ್ಲೂ 'ಅರವತ್ತಕ್ಕೆ ಅರಳು ಮರಳು' ಎಂಬ ಮಾತಿದೆ. ಅದರಲ್ಲಿ ಗೇಲಿ ಇದೆ, ನಿಜ. ಆದರೆ ಅದರೊಳಗೆ ಒಂದು ಒಪ್ಪಿಗೆಯೂ ಇದೆ: ವಯಸ್ಸಾಗುತ್ತದೆ, ಆದಾಗ ಹೀಗಾಗುತ್ತದೆ, ಇದು ಯಾರ ತಪ್ಪೂ ಅಲ್ಲ.

'ಮೆದುಳಿನ ವಯಸ್ಸು' ಎಂಬ ಪ್ರಯೋಗ ಈ ಒಪ್ಪಿಗೆಯನ್ನು ಕಿತ್ತುಕೊಳ್ಳುತ್ತದೆ. ನನ್ನ ತಕರಾರು ಇರುವುದು ಇಲ್ಲಿಯೇ.

*

ವಯಸ್ಸು ಎಂದರೆ ಹುಟ್ಟಿದಂದಿನಿಂದ ಕಳೆದ ಕಾಲ. ಅದು ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ. ಅದರ ಮೇಲೆ ಯಾರಿಗೂ ಅಧಿಕಾರವಿಲ್ಲ, ಆದ್ದರಿಂದಲೇ ಅದಕ್ಕೆ ಯಾರೂ ಹೊಣೆಯಲ್ಲ. ಆಟ ಮಾಡುವ ಚಮತ್ಕಾರವೆಂದರೆ ಈ ಪದವನ್ನು ಎತ್ತಿಕೊಂಡು, ಇಳಿಸಬಹುದಾದ, ಇಳಿಸಲೇಬೇಕಾದ ಒಂದು ಅಂಕವನ್ನಾಗಿ ಮಾಡುವುದು. 'ನಿಮಗೆ 100ಕ್ಕೆ 38 ಅಂಕ' ಎಂದು ಪರದೆ ಹೇಳಿದ್ದರೆ ನಾನು ಮರುದಿನ ಬೆಳಿಗ್ಗೆ ಎದ್ದು ಅದನ್ನು ಹುಡುಕುತ್ತಿರಲಿಲ್ಲ. 61 ಎಂದಾಗ ನನ್ನ ಕಣ್ಣ ಮುಂದೆ ಒಬ್ಬ ಮುದುಕ ಬಂದ. ಇದು ಅಳತೆಯ ಕೆಲಸವಲ್ಲ, ರೂಪಕದ ಕೆಲಸ. ಅಳತೆಯ ಬಟ್ಟೆ ತೊಟ್ಟು ಬಂದ ರೂಪಕ.

ಹಾಗಾದರೆ ಅದು ನಿಜಕ್ಕೂ ಅಳೆಯುವುದು ಏನನ್ನು? ಮುಖ್ಯವಾಗಿ ವೇಗವನ್ನು. ಇದಕ್ಕೂ ಒಂದು ಇತಿಹಾಸವಿದೆ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಒಂದಂಕಿಯ ಸಂಖ್ಯೆಗಳನ್ನು ಒಂದೇ ಸಮನೆ ಕೂಡಿಸಲು ಹಚ್ಚಿ, ಮನುಷ್ಯ ಹೇಗೆ ದಣಿಯುತ್ತಾನೆ ಎಂದು ನೋಡಿದ. ಅದನ್ನು ಜಪಾನಿನಲ್ಲಿ ಉಚಿದಾ ಎಂಬ ಮನೋವಿಜ್ಞಾನಿ ಬೆಳೆಸಿದರು. ಉಚಿದಾ-ಕ್ರೆಪೆಲಿನ್ ಪರೀಕ್ಷೆಯನ್ನು ಅಲ್ಲಿ ಕೆಲಸಕ್ಕೆ ಜನರನ್ನು ಆರಿಸಲು, ರೈಲು ಚಾಲಕರನ್ನು ಆರಿಸಲು ಕೂಡ ಬಳಸುತ್ತ ಬಂದಿದ್ದಾರೆ. ನಿಮಿಷಕ್ಕೊಂದು ಸಾಲಿನಂತೆ ಅಂಕಿಗಳನ್ನು ಕೂಡಿಸುತ್ತ ಹೋಗಬೇಕು. ಅದು ಕೆಲಸಗಾರನ ಪರೀಕ್ಷೆ: ಎಷ್ಟು ಬೇಗ, ಎಷ್ಟು ಹೊತ್ತು, ಎಷ್ಟು ಏಕಪ್ರಕಾರವಾಗಿ. ವಿಡಿಯೋ ಗೇಮಿಗಿಂತ ಇಂಥ ಸರಳ ಕೂಡಿಕೆಯೇ ಮೆದುಳಿನ ಮುಂಭಾಗವನ್ನು ಹೆಚ್ಚು ಚುರುಕಾಗಿಸುತ್ತದೆ ಎಂದು ಕವಾಶಿಮಾ ಕಂಡುಕೊಂಡಿದ್ದಾರೆಂದು 2001ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ವರದಿ ಮಾಡಿತ್ತು. ನಾಲ್ಕು ವರ್ಷದ ಬಳಿಕ ಅವರದೇ ತಲೆ ವಿಡಿಯೋ ಗೇಮಿನೊಳಗೆ ಕೂತು ಆ ಲೆಕ್ಕಗಳನ್ನು ಮಾಡಿಸುತ್ತಿತ್ತು. ಇದನ್ನು ವ್ಯಂಗ್ಯವೆಂದು ಕೆಲವರು ಆಡಿಕೊಂಡರು. ನನಗೆ ಹಾಗೆನ್ನಿಸುವುದಿಲ್ಲ. ಅವರು ತಮ್ಮ ಮಾತಿಗೆ ಬದ್ಧರಾಗಿದ್ದರು. ಗೇಮಿನೊಳಗೆ ಗೇಮನ್ನೇ ತೆಗೆದು ಲೆಕ್ಕವನ್ನಿಟ್ಟರು. ಈ ಆಟದಿಂದ ತಮಗೆ ಬರಬೇಕಿದ್ದ ಹಣವನ್ನು ಸ್ವಂತಕ್ಕೆ ತೆಗೆದುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರೆಂದೂ ವರದಿಯಾಗಿದೆ. ಹಾಗಾಗಿ ಇಲ್ಲಿ ಒಬ್ಬ ಖಳನಾಯಕನನ್ನು ಹುಡುಕುವುದರಿಂದ ಪ್ರಯೋಜನವಿಲ್ಲ. ತಕರಾರು ರೂಪಕದ ಜೊತೆಗೆ.

ವೇಗವೆನ್ನುವುದು ಭಾಷೆಯ ಪ್ರಶ್ನೆಯೂ ಹೌದು. ಬಣ್ಣದ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಇದನ್ನು ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ. 'ಕೆಂಪು' ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದಿರುತ್ತಾರೆ. ನೀವು ಪದವನ್ನು ಓದದೆ ಬಣ್ಣವನ್ನು ಹೇಳಬೇಕು, ನೀಲಿ ಎಂದು. ಓದು ಬಲ್ಲವನಿಗೆ ಓದದೆ ಇರುವುದು ಕಷ್ಟ, ನಾಲಿಗೆ ತೊದಲುತ್ತದೆ. ತನಗೆ ಹೆಚ್ಚು ಪಳಗಿದ ಭಾಷೆಯಲ್ಲಿ ಈ ತೊದಲು ಹೆಚ್ಚು ಎಂದು ದ್ವಿಭಾಷಿಕರ ಮೇಲಿನ ಅಧ್ಯಯನಗಳು ತೋರಿಸಿವೆ. ಈಗ ಈ ಆಟವನ್ನು ಇಂಗ್ಲಿಷಿನಲ್ಲಿ ಆಡುವ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಇಂಗ್ಲಿಷ್ ಪದ ಅವಳನ್ನು ಅಷ್ಟು ಬಲವಾಗಿ ಎಳೆಯುವುದಿಲ್ಲ, ಅದು ಲಾಭ; ಆದರೆ ಬಣ್ಣ ಕಂಡ ಕೂಡಲೇ ಬಾಯಿಗೆ ಬರುವುದು 'ಹಳದಿ', ಅದನ್ನು ನುಂಗಿ ಇಂಗ್ಲಿಷ್ ಹೆಸರು ಹುಡುಕಬೇಕು, ಅದು ನಷ್ಟ. ಗುಣಾಕಾರ ಬಂದಾಗ ಅವಳ ತಲೆಯೊಳಗೆ ಓಡುವುದು 'ಏಳೆಂಟ್ಲಿ ಐವತ್ತಾರು'. ಈ ಲಾಭನಷ್ಟಗಳೆಲ್ಲ ಸೇರಿ ಬರುವ ಮೊತ್ತಕ್ಕೆ ಆಟ ಕೊಡುವ ಹೆಸರು 'ವಯಸ್ಸು'. ಅದು ಅವಳ ಶಾಲೆಯ ಕಥೆಯೂ ಹೌದು, ಅವಳ ಮನೆಮಾತಿನ ಕಥೆಯೂ ಹೌದು. ಆ ಕಥೆಯನ್ನೆಲ್ಲ ಅಳಿಸಿ ಒಂದು ಸಂಖ್ಯೆ ಉಳಿಯುತ್ತದೆ.

*

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ದಿನಾ ಹೀಗೆ ಮಾಡಿದರೆ ಮೆದುಳು ಚುರುಕಾಗುತ್ತದೆಯೇ? ಮೂರನೇ ವಾರದ ಹೊತ್ತಿಗೆ ನನ್ನ ಮೆದುಳಿನ ವಯಸ್ಸು 34ಕ್ಕೆ ಇಳಿದಿತ್ತು. ಮೂರನೇ ಅಧ್ಯಾಯ ಮಾತ್ರ ಇದ್ದಲ್ಲೇ ಇತ್ತು.

ಈ ಪ್ರಶ್ನೆ ಹಳೆಯದು, ಮತ್ತು ಮೊದಲ ಸಲ ಇದನ್ನು ಪರೀಕ್ಷಿಸಿದವರಲ್ಲಿ ಒಬ್ಬ ಬಳಸಿದ್ದು ಕಾವ್ಯವನ್ನು. 1890ರಲ್ಲಿ ಪ್ರಕಟವಾದ ತನ್ನ ಮನೋವಿಜ್ಞಾನದ ಗ್ರಂಥದಲ್ಲಿ ವಿಲಿಯಂ ಜೇಮ್ಸ್ ಇದನ್ನು ಹೇಳುತ್ತಾನೆ. ಆತ ವಿಕ್ಟರ್ ಹ್ಯೂಗೊನ ಕವಿತೆಯೊಂದರ 158 ಸಾಲುಗಳನ್ನು ಎಂಟು ದಿನಗಳಲ್ಲಿ ಬಾಯಿಪಾಠ ಮಾಡಿದ. ಸುಮಾರು 132 ನಿಮಿಷ ಹಿಡಿಯಿತು. ಆಮೇಲೆ ನೆನಪಿನ ಶಕ್ತಿಯನ್ನು ಬೆಳೆಸಿಕೊಳ್ಳಲು ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಮೊದಲ ಭಾಗವನ್ನು 38 ದಿನ ಕೂತು ಕಲಿತ. ಮತ್ತೆ ಹ್ಯೂಗೊನ ಕವಿತೆಗೆ ಬಂದು ಮುಂದಿನ 158 ಸಾಲು ಕಲಿಯಲು ಹೊರಟರೆ ಸುಮಾರು 151 ನಿಮಿಷ ಬೇಕಾಯಿತು. ಅಭ್ಯಾಸದ ಮೇಲೆ ವೇಗ ಹೆಚ್ಚುವ ಬದಲು ಕಡಿಮೆಯಾಗಿತ್ತು. ತಾನು ಆಗ ದಣಿದಿದ್ದೆ ಎಂದೂ ಆತ ಒಪ್ಪಿಕೊಳ್ಳುತ್ತಾನೆ. 1901ರಲ್ಲಿ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಇಂಥದ್ದೇ ಮಾತನ್ನು ಇನ್ನೂ ಖಚಿತವಾಗಿ ಹೇಳಿದರು: ಒಂದು ಕೆಲಸದಲ್ಲಿ ಪಳಗಿದ್ದು ಅದನ್ನು ಹೋಲದ ಇನ್ನೊಂದು ಕೆಲಸಕ್ಕೆ ತಾನಾಗಿ ಹರಿದು ಹೋಗುವುದಿಲ್ಲ.

ಈ ಆಟದ ಅಲೆ ಎದ್ದ ಮೇಲೆ ಅದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ಮರಳಿ ಬಂತು. 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಬಿಬಿಸಿಯ ವಿಜ್ಞಾನ ಕಾರ್ಯಕ್ರಮವೊಂದರ ಜೊತೆಗೂಡಿ 11,430 ಜನರನ್ನು ಆರು ವಾರ ಇಂಥ ಅಭ್ಯಾಸಗಳಲ್ಲಿ ತೊಡಗಿಸಿದ್ದರು. ಜನ ಅಭ್ಯಾಸ ಮಾಡಿದ ಆಟಗಳಲ್ಲಿ ಉತ್ತಮಗೊಂಡರು. ಅಭ್ಯಾಸ ಮಾಡದ ಕೆಲಸಗಳಿಗೆ, ಅವು ಹತ್ತಿರದವೇ ಆದರೂ, ಆ ಲಾಭ ದಾಟಲಿಲ್ಲ. ಇನ್ನೊಂದು ಬದಿಯನ್ನೂ ಹೇಳಬೇಕು. 2012ರಲ್ಲಿ ಕವಾಶಿಮಾ ಅವರ ತಂಡವೇ 32 ಹಿರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 'ಬ್ರೈನ್ ಏಜ್', ಇನ್ನೊಂದಕ್ಕೆ 'ಟೆಟ್ರಿಸ್' ಕೊಟ್ಟು ನಾಲ್ಕು ವಾರ ಆಡಿಸಿತು. ಮೊದಲ ಗುಂಪಿನವರಲ್ಲಿ ಯೋಜಿಸಿ ನಡೆದುಕೊಳ್ಳುವ ಶಕ್ತಿ ಮತ್ತು ವೇಗ ಹೆಚ್ಚಿದ್ದು ಕಂಡಿತು. ಗಮನ ಮತ್ತು ಒಟ್ಟಾರೆ ಅರಿವಿನ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಗುಂಪು, ಚಿಕ್ಕ ಅವಧಿ, ಸೀಮಿತವಾದ ಫಲ.

ನಿಂಟೆಂಡೊ ತನ್ನ ಮಾತಿನಲ್ಲಿ ಎಚ್ಚರದಿಂದಿತ್ತು. ಇದು ಕವಾಶಿಮಾ ಅವರ ಕೆಲಸದಿಂದ ಪ್ರೇರಣೆ ಪಡೆದ ಆಟ ಎನ್ನುತ್ತಿತ್ತು. ಅದರ ಬೆನ್ನಿಗೆ ಬಂದವರೆಲ್ಲ ಅಷ್ಟು ಎಚ್ಚರ ವಹಿಸಲಿಲ್ಲ. ಮೊಬೈಲ್ ಮತ್ತು ಕಂಪ್ಯೂಟರಿಗೆ ಇಂಥ ಆಟಗಳನ್ನು ಮಾರುತ್ತಿದ್ದ 'ಲುಮೋಸಿಟಿ' ವಯಸ್ಸಿನೊಂದಿಗೆ ಬರುವ ಮರೆವನ್ನು ತಡೆಯಬಹುದೆಂಬಂತೆ ಜಾಹೀರಾತು ಮಾಡಿತ್ತು. ಅದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2016ರಲ್ಲಿ ಆ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಆದರೆ ನನಗನ್ನಿಸುವುದು, 'ಮೆದುಳಿನ ವಯಸ್ಸು' ಎಂಬ ರೂಪಕ ಒಮ್ಮೆ ಜನರ ಬಾಯಿಗೆ ಬಿದ್ದ ಮೇಲೆ ಯಾವ ಕಂಪನಿಯೂ ಏನನ್ನೂ ಹೇಳಿಕೊಳ್ಳಬೇಕಾಗಿಲ್ಲ. ಉಳಿದದ್ದನ್ನು ಭಯವೇ ಪೂರ್ತಿ ಮಾಡಿಕೊಳ್ಳುತ್ತದೆ.

*

ಈ ಆಟದ ಮೂಲದಲ್ಲಿ ಇನ್ನೊಂದು ದೃಶ್ಯವಿದೆ. ಅದನ್ನು ಓದಿದ ಮೇಲೆಯೇ ನಾನು ಈ ಬರಹ ಬರೆಯಲು ಕೂತದ್ದು.

ಕವಾಶಿಮಾ ಅವರ ತಂಡ ಆಟಕ್ಕೂ ಮೊದಲೇ ಮರೆವಿನ ಕಾಯಿಲೆಯಿರುವ ಹಿರಿಯರ ಜೊತೆ ಕೆಲಸ ಮಾಡುತ್ತಿತ್ತು. 'ಕಲಿಕೆಯ ಚಿಕಿತ್ಸೆ' ಎಂದು ಅದರ ಹೆಸರು. ವೃದ್ಧಾಶ್ರಮದ ಒಂದು ಮೇಜು. ಒಂದು ಬದಿಗೆ ಒಬ್ಬರೋ ಇಬ್ಬರೋ ಹಿರಿಯರು, ಎದುರಿಗೆ ಅವರನ್ನು ನೋಡಿಕೊಳ್ಳುವ ಸಿಬ್ಬಂದಿ. ಹಿರಿಯರು ಸುಲಭದ ಲೆಕ್ಕ ಮಾಡುತ್ತಾರೆ, ಸುಲಭದ ಪಾಠವನ್ನು ಗಟ್ಟಿಯಾಗಿ ಓದುತ್ತಾರೆ. ಎದುರಿಗಿದ್ದವರು ಕೇಳಿಸಿಕೊಳ್ಳುತ್ತಾರೆ, ಹೊಗಳುತ್ತಾರೆ, ಓದಿದ್ದರ ಬಗ್ಗೆ ಮಾತಾಡುತ್ತಾರೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹೀಗೆ ಆರು ತಿಂಗಳು ಕಲಿತ 16 ಜನರನ್ನು, ಕಲಿಯದ 16 ಜನರ ಜೊತೆ ಹೋಲಿಸಿದ್ದಾರೆ. ಕಲಿತವರ ಮೆದುಳಿನ ಮುಂಭಾಗದ ಪರೀಕ್ಷೆಯ ಅಂಕಗಳು ಸುಧಾರಿಸಿದ್ದವು. ಇದೂ ಚಿಕ್ಕ ಗುಂಪೇ. ಆದರೆ ಒಬ್ಬ ಓದುಗನಾಗಿ ನನ್ನ ಕಣ್ಣು ಹೋದದ್ದು ಅಂಕದ ಕಡೆಗಲ್ಲ, ಮೇಜಿನ ಕಡೆಗೆ. ಫಲ ಕೊಟ್ಟದ್ದು ಲೆಕ್ಕವೋ, ಓದೋ, ಅಥವಾ ದಿನಾ ಅದೇ ಹೊತ್ತಿಗೆ ಎದುರಿಗೆ ಬಂದು ಕೂರುತ್ತಿದ್ದ ಮನುಷ್ಯನೋ? ಮೂರನ್ನೂ ಬಿಡಿಸಿ ನೋಡುವುದು ಅಷ್ಟು ಸುಲಭವಲ್ಲ.

ಪುಸ್ತಕ ಬಂದಾಗ ಲೆಕ್ಕ ಮತ್ತು ಓದು ಉಳಿದವು, ಎದುರಿನ ಮನುಷ್ಯ ಹೋದ. ಆಟ ಬಂದಾಗ ಆ ಖಾಲಿ ಕುರ್ಚಿಯಲ್ಲಿ ಒಂದು ರುಂಡ ಬಂದು ಕೂತಿತು. ಅದು ಕೇಳಿಸಿಕೊಂಡಂತೆ ಮಾಡುತ್ತದೆ. ಗಟ್ಟಿಯಾಗಿ ಓದುವ ಅಭ್ಯಾಸವನ್ನೇ ನೋಡಿ. ಅಮೆರಿಕದ ಆವೃತ್ತಿಯಲ್ಲಿ ವಾಷಿಂಗ್ಟನ್ ಇರ್ವಿಂಗನ 'ದ ಲೆಜೆಂಡ್ ಆಫ್ ಸ್ಲೀಪಿ ಹಾಲೊ', ಲೂಯಿಸಾ ಮೇ ಆಲ್ಕಾಟಳ 'ಲಿಟಲ್ ವಿಮೆನ್' ಮುಂತಾದವುಗಳ ತುಣುಕುಗಳಿವೆ. ನೀವು ಓದಿದ್ದು ಸರಿಯೋ ತಪ್ಪೋ, ಓದಿದಿರೋ ಇಲ್ಲವೋ, ಆಟಕ್ಕೆ ಗೊತ್ತಾಗುವುದಿಲ್ಲ. ಕೊನೆಯ ಪುಟ ಮುಟ್ಟಲು ಎಷ್ಟು ಸೆಕೆಂಡು ಬೇಕಾಯಿತು ಎಂಬುದಷ್ಟೇ ಅದಕ್ಕೆ ಬೇಕು. ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ಕಸಿವಿಸಿಯ ದೃಶ್ಯ ಇರಲಾರದು: ಒಂದು ಕಥೆಯನ್ನು ಯಾರೂ ಕೇಳದ ಕೋಣೆಯಲ್ಲಿ, ಅರ್ಥಕ್ಕೆ ನಿಲ್ಲದೆ, ಗಡಿಯಾರದ ಎದುರು ಓದುವುದು. ಗಟ್ಟಿಯಾಗಿ ಓದುವುದೆಂದರೆ ಮತ್ತೊಬ್ಬರಿಗೆ ಓದುವುದು ಎಂಬ ಸಂಸ್ಕೃತಿ ನಮ್ಮದು. ಗಮಕಿ ಹಾಡುವುದು ಕೇಳುವವರಿದ್ದಾರೆಂದು. ಅವನ ಪಕ್ಕದಲ್ಲಿ ವ್ಯಾಖ್ಯಾನಕಾರ ಕೂರುವುದು ಯಾರಿಗೂ ಅರ್ಥ ತಪ್ಪದಿರಲೆಂದು.

ಹಾಗೆಂದು ರುಂಡವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಒಂಟಿಯಾಗಿರುವ ಎಷ್ಟೋ ಜನರಿಗೆ ದಿನಕ್ಕೊಮ್ಮೆ 'ಬಂದೆಯಾ' ಎನ್ನುವ ಒಂದು ಮುಖ ಅದು. ಹಾಸ್ಟೆಲಿನ ಆ ಬೇಸಿಗೆಯಲ್ಲಿ, ಎಲ್ಲರೂ ಊರಿಗೆ ಹೋದಾಗ, ನನಗೂ ಅದು ಅಷ್ಟಾಗಿತ್ತು. ಈ ಆಟದ ಗುಣವೂ ಇದೇ, ಕೊರತೆಯೂ ಇದೇ. ತನ್ನಲ್ಲಿರುವ ಅತ್ಯುತ್ತಮ ಸಂಗತಿ ಜೊತೆಗಿರುವುದು ಎಂದು ಅದಕ್ಕೇ ಗೊತ್ತಿಲ್ಲ. ಅದು ಸಂಖ್ಯೆಯನ್ನು ಮುಂದಿಟ್ಟು, ಊಟದ ಪ್ರಶ್ನೆಯನ್ನು ಹಿಂದಿಟ್ಟಿದೆ.

*

ಆಟದ ಪಾಶ್ಚಾತ್ಯ ಆವೃತ್ತಿಗಳಲ್ಲಿ ಸುಡೊಕು ಕೂಡ ಇದೆ. ನನ್ನ ಅಪ್ಪ ನಿವೃತ್ತ ಶಾಲಾ ಶಿಕ್ಷಕರು. ಅವರಿಗೆ ಡಿಎಸ್ ಗೊತ್ತಿಲ್ಲ, ಆದರೆ ಪತ್ರಿಕೆಯ ಸುಡೊಕು ಗೊತ್ತು. ದಿನಾ ಬೆಳಿಗ್ಗೆ ಕಾಫಿ ಆರುವ ಮೊದಲು ಅದು ಮುಗಿಯಬೇಕು. ಮುಗಿಯದ ದಿನ ಮುಖ ಬಾಡುತ್ತದೆ. ಮೊದಲು ಇದನ್ನು ಹವ್ಯಾಸ ಎಂದುಕೊಂಡಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನ, ಖಾಲಿ ಉಳಿದ ಮನೆಗಳನ್ನು ನೋಡುತ್ತ ಅವರೇ ಹೇಳಿದರು: "ಅಮ್ಮನೂ ಹೀಗೆ ದಿನಾ ಏನಾದ್ರೂ ತಲೆ ಓಡಿಸಿದ್ದಿದ್ರೆ ಹಾಗಾಗ್ತಿರ್ಲಿಲ್ವೇನೋ."

'ಹಾಗೆ' ಎಂದರೆ ಕೊನೆಯ ನಾಲ್ಕು ವರ್ಷ ಅಜ್ಜಿಗೆ ಯಾರ ಗುರುತೂ ಸಿಗದೆ ಹೋದದ್ದು.

ಅಜ್ಜಿ ನಾಲ್ಕನೇ ತರಗತಿಯವರೆಗೆ ಓದಿದವಳು. ಹಾಲಿನ ಲೆಕ್ಕ, ಕೂಲಿಯವರ ಲೆಕ್ಕ, ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಹಾಕಿದರು ಎಂಬ ಲೆಕ್ಕ, ಎಲ್ಲವೂ ಅವಳ ತಲೆಯಲ್ಲಿತ್ತು. ಒಂದು ಚೀಟಿಯನ್ನೂ ಬರೆದವಳಲ್ಲ. ತಲೆ ಓಡಿಸುವುದೇ ಔಷಧವಾಗಿದ್ದರೆ ಅವಳಿಗಿಂತ ಹೆಚ್ಚು ಔಷಧ ಕುಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಇದು ಅಪ್ಪನಿಗೂ ಗೊತ್ತು. ಆದರೂ ಆ ಮಾತು ಬಂತು. 'ಮೆದುಳಿನ ವಯಸ್ಸು' ಎಂಬ ರೂಪಕ ಮಾಡುವ ಹಾನಿಯನ್ನು ನಾನು ಆವತ್ತು ಕಣ್ಣಾರೆ ಕಂಡೆ. ಇಳಿಸಬಹುದು ಎಂದಾದ ಕೂಡಲೇ, ಇಳಿಸದವರದು ತಪ್ಪು ಎಂದಾಗುತ್ತದೆ. ಕಾಯಿಲೆ ಸೋಮಾರಿತನವಾಗುತ್ತದೆ. ಸತ್ತವರ ಮೇಲೆ ಆರೋಪ ಬೀಳುತ್ತದೆ, ಬದುಕಿರುವವರು ಪ್ರತಿದಿನ ಬೆಳಿಗ್ಗೆ ಪೆನ್ನು ಹಿಡಿದು ವಿಚಾರಣೆಗೆ ಹಾಜರಾಗುತ್ತಾರೆ. 'ಚಿಹೋ' ಎಂಬ ಪದವನ್ನು ಜಪಾನ್ ಬಿಟ್ಟದ್ದು ಇಂಥ ಅವಮಾನ ಬೇಡವೆಂದು. ಬಾಗಿಲಿನಿಂದ ಹೊರಗೆ ಹೋದ ಅವಮಾನ, ಮೃದುವಾಗಿ ನಗುವ ಇನ್ನೊಂದು ಪದದ ರೂಪದಲ್ಲಿ ಕಿಟಕಿಯಿಂದ ಒಳಗೆ ಬಂತು.

ಅಪ್ಪನಿಗೆ ನಾನು ಸುಡೊಕು ಬಿಡಿ ಎಂದು ಹೇಳಿಲ್ಲ. ಅದು ಸೊಗಸಾದ ಆಟ. ಅಂಕಿಗಳು ತಮ್ಮ ಜಾಗ ಹುಡುಕಿಕೊಳ್ಳುವುದನ್ನು ನೋಡುವುದೇ ಒಂದು ಸುಖ. 'ಬ್ರೈನ್ ಏಜ್' ಅನ್ನೂ ನಾನು ಯಾರಿಗಾದರೂ ಧಾರಾಳವಾಗಿ ಕೊಡುತ್ತೇನೆ. ಚೆನ್ನಾಗಿ ಕಟ್ಟಿದ, ಸಭ್ಯವಾದ, ಸಮಯ ತಿನ್ನದ ಆಟ ಅದು. ಆಡಿ, ಆದರೆ ಕೊನೆಗೆ ಬರುವ ಸಂಖ್ಯೆಯನ್ನು ವಯಸ್ಸು ಎಂದು ಓದಬೇಡಿ, ಎಂದಷ್ಟೇ ಹೇಳುತ್ತೇನೆ. ಆವತ್ತಿನ ಅಂಕ ಎಂದು ಓದಿ.

ಅಜ್ಜಿಯ ವಿಷಯದಲ್ಲಿ ಅಪ್ಪ ಮರೆತಿದ್ದ ಒಂದು ಸಂಗತಿಯನ್ನು ಮಾತ್ರ ನೆನಪಿಸಿದೆ. ಅವಳಿಗೆ ಮಗನ ಹೆಸರೂ ಹೋಗಿದ್ದ ದಿನಗಳಲ್ಲಿ, ಸಂಜೆ ಅವರು ಅವಳ ಎದುರಿಗೆ ಕೂತು "ಏಳೊಂದ್ಲಿ ಏಳು" ಎಂದು ಶುರುಮಾಡುತ್ತಿದ್ದರು. ಅವಳು ತಲೆ ಆಡಿಸುತ್ತ "ಏಳೆರಡ್ಲಿ ಹದಿನಾಲ್ಕು" ಎನ್ನುತ್ತಿದ್ದಳು. ಎಪ್ಪತ್ತರವರೆಗೆ ಇಬ್ಬರೂ ಸೇರಿ ಹೋಗುತ್ತಿದ್ದರು. ಅದರಿಂದ ಅವಳ ಕಾಯಿಲೆ ವಾಸಿಯಾಗಲಿಲ್ಲ, ಆಗುವುದೆಂದು ಯಾರೂ ಅಂದುಕೊಂಡೂ ಇರಲಿಲ್ಲ. ಅಪ್ಪ ಪತ್ರಿಕೆ ಮಡಚಿಟ್ಟು, "ಒಂಬತ್ತರ ಮಗ್ಗಿ ಮಾತ್ರ ಯಾವಾಗ್ಲೂ ತಪ್ತಿತ್ತು ಅವ್ಳಿಗೆ" ಎಂದರು. ಆವತ್ತಿನ ಸುಡೊಕು ಹಾಗೇ ಉಳಿಯಿತು.